ಗಿಲಾವ್ (ಪ್ಲಾಸ್ಟರ್) ಹಾಕುವ ಮೊದಲು ಪೋರ್ಚ್ ಕೆಳಗೆ ಜಾಕ್ ಕೊಡಿಸಿ

ಪ್ರಶ್ನೆ: ನಾನು ಗದಗ-ಬೆಟಗೇರಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. 30×50 ಸೈಟಿನಲ್ಲಿ 1,100 ಚದರ ಅಡಿ ಮನೆ ಕಟ್ಟಿಸುತ್ತಿದ್ದೇವೆ. ಮುಂದೆ ಮೇಲೊಂದು ಮಹಡಿ ಹಾಕುವ ಆಸೆ ಇದೆ. ಸಾಮಾನು ಸಮೇತ ಚದರ ಅಡಿಗೆ 1,900 ರೂಪಾಯಿಯಂತೆ ಗುತ್ತಿಗೆ ಕೊಟ್ಟಿದ್ದೇವೆ. ಗುತ್ತಿಗೆದಾರರು ನಮ್ಮ ಮನೆಯವರ ಸೋದರಮಾವನ ಮಗ. ನಾನು ಅವರನ್ನು ಅಣ್ಣ ಅಂತಲೇ ಕರೆಯುತ್ತೇನೆ. ಸ್ಲ್ಯಾಬ್ ಹಾಕಿ 9ನೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚಿದರು. ಹಾಲ್‌ನ ಬೀಮಿನ ತಳದಲ್ಲಿ, ಕಾಲಂ ಹತ್ತಿರ, ಒಂದೂವರೆ ಅಡಿಯಷ್ಟು ಉದ್ದ ಖಡಿ (ಜಲ್ಲಿ) ಎದ್ದು ಕಾಣುತ್ತಿದೆ. ಒಳಗಿನ ಎರಡು ರಾಡ್ ಸಹ ಕಾಣುತ್ತವೆ. ಬಾಗಿಲ ಮುಂದಿನ ಪೋರ್ಚ್ 4 ಅಡಿ ಹೊರಗೆ ಚಾಚಿದೆ, ಕೆಳಗೆ ಕಂಬ ಇಲ್ಲ. ಅದರ ಮೇಲ್ಭಾಗದಲ್ಲಿ ಗೋಡೆಯ ಗುಂಟ ಉದ್ದಕ್ಕೆ ಒಂದು ಬಿರುಕು ಬಂದಿದೆ. ಅಣ್ಣನನ್ನು ಕೇಳಿದರೆ, "ನಮ್ಮದು ಎರಿ ಮಣ್ಣು, ಬಿರುಕು ಬಿಡೂದ. ಗಿಲಾವ್ ಹೊಡದ್ರ ಎಲ್ಲಾ ಮುಚ್ಚಿ ಹೋಕ್ಕೈತಿ" ಅಂತಾರೆ. ಇಲ್ಲಿಯವರೆಗೆ 13 ಲಕ್ಷ ಕೊಟ್ಟಿದ್ದೇವೆ. ಈಗ ಇನ್ನೂ 3 ಲಕ್ಷ ಕೇಳುತ್ತಿದ್ದಾರೆ. ಮನೆಯವರು "ಸಂಬಂಧ ಕೆಡಸಬ್ಯಾಡ" ಅಂತಾರೆ. ಎರಡೂವರೆ ತಿಂಗಳಿಗೆ ವಾಸ್ತುಶಾಂತಿ ಮುಹೂರ್ತ ಇಟ್ಟಿದ್ದೇವೆ. ಮನೆ ಗಟ್ಟಿ ಇದೆಯೋ ಇಲ್ಲವೋ? ಒಡೆಸಬೇಕಾ? ದುಡ್ಡು ತಡೆಯಬೇಕಾ? ಎಲ್ಲಿ ದೂರು ಕೊಡಬೇಕು?

ಉತ್ತರ: ಅಕ್ಕೋರೆ, ದುಡ್ಡು, ದೂರು, ಸಂಬಂಧ ಎಲ್ಲವೂ ಆಮೇಲೆ. ನಿಮ್ಮ ಪತ್ರ ಓದಿದ ಕೂಡಲೇ ನನಗೆ ಮೊದಲು ಕಂಡದ್ದು ಪೋರ್ಚ್. ಇವತ್ತೇ ಅದರ ಹೊರ ಅಂಚಿನ ಕೆಳಗೆ ಕಬ್ಬಿಣದ ಜಾಕ್ (ಎತ್ತರ ಹೊಂದಿಸುವ ಆಸರೆ ಕಂಬ) ನಿಲ್ಲಿಸಿ. ಮೂರು ಅಡಿಗೊಂದರಂತೆ ಸಾಲಾಗಿ ನಿಲ್ಲಿಸಿ, ಮೇಲೆ ಒಂದು ಉದ್ದದ ಹಲಗೆ, ಕೆಳಗೆ ಅಗಲವಾದ ಹಲಗೆ ಕೊಡಿಸಿ. ಹಾಲ್ ಬೀಮಿಗೂ ಹಾಗೇ. ಜಾಕ್ ತಿರುಗಿಸಿ ಮೇಲೆತ್ತುವ ಸಾಹಸ ಬೇಡ, ಬಿಗಿಯಾಗಿ ತಾಗಿ ನಿಂತರೆ ಸಾಕು. ಪೋರ್ಚ್ ಮೇಲೆ ಇಟ್ಟಂಗಿ, ಉಸುಕು, ನೀರಿನ ಡ್ರಮ್ ಏನಿದ್ದರೂ ಇಳಿಸಿ. ಅದರ ಕೆಳಗೆ ಯಾರೂ ಕೂರಬಾರದು, ಮಕ್ಕಳಂತೂ ಆಡಲೇಬಾರದು. ಗಿಲಾವ್ ಕೆಲಸ ನಿಲ್ಲಿಸಿ. ಬೀಮಿನ ತೂತಿಗೆ ಸಿಮೆಂಟ್ ಬಳಿಯಲೂ ಬಿಡಬೇಡಿ. ಇಷ್ಟು ಮಾಡಿಸಿ, ಆಮೇಲೆ ಮುಂದೆ ಓದಿ.

ಪೋರ್ಚ್ ಬಗ್ಗೆ ನಾನು ಇಷ್ಟು ಅವಸರ ಮಾಡುವುದಕ್ಕೆ ಕಾರಣ ಇದೆ. ನಿಮ್ಮ ಕೈಯನ್ನು ಮುಂದಕ್ಕೆ ಚಾಚಿ, ಅಂಗೈ ಮೇಲೆ ಒಂದು ತುಂಬಿದ ಬಿಂದಿಗೆ ಇಟ್ಟುಕೊಂಡಿರಿ ಅಂತ ಇಟ್ಟುಕೊಳ್ಳಿ. ನೋವು ಎಲ್ಲಿ ಬರುತ್ತದೆ? ಭುಜದಲ್ಲಿ, ಅದೂ ಮೇಲ್ಭಾಗದಲ್ಲಿ. ಕಂಬ ಇಲ್ಲದೆ ಹೊರಗೆ ಚಾಚಿದ ಸ್ಲ್ಯಾಬ್ ಕೂಡ ಹಾಗೇ. ಗೋಡೆಗೆ ಸೇರುವ ಕಡೆ, ಮೇಲಿನ ಮೈ ಎಳೆತಕ್ಕೆ ಸಿಗುತ್ತದೆ. ಕಾಂಕ್ರೀಟಿಗೆ ಒತ್ತಿದರೆ ತಡೆಯುವ ಶಕ್ತಿ ಇದೆ, ಎಳೆದರೆ ತಡೆಯುವ ಶಕ್ತಿ ತೀರಾ ಕಡಿಮೆ. ಎಳೆತವನ್ನು ಹೊರುವುದು ರಾಡ್. ಅದಕ್ಕೇ ಒಳಗಿನ ರೂಮುಗಳ ಸ್ಲ್ಯಾಬಿನಲ್ಲಿ ಮುಖ್ಯ ರಾಡ್ ನಡುವೆ ತಳದಲ್ಲಿ ಇರುತ್ತದೆ, ಪೋರ್ಚ್, ಬಾಲ್ಕನಿ, ಸಜ್ಜಾಗಳಲ್ಲಿ ಮಾತ್ರ ಮೇಲೆ ಇರಬೇಕು. ಮೇಲೆ ಇದ್ದರಷ್ಟೇ ಸಾಲದು. ಚಾಚಿದಷ್ಟಾದರೂ ಉದ್ದ ಒಳಗಿನ ಸ್ಲ್ಯಾಬಿಗೂ ಹೋಗಿ ಹಿಡಿದುಕೊಂಡಿರಬೇಕು.

ಈಗ ಕಾಂಕ್ರೀಟ್ ಹಾಕುವ ದಿನ ಏನಾಗುತ್ತದೆ ನೋಡಿ. ಬಾರ್ ಬೆಂಡರ್ ಹಿಂದಿನ ದಿನ ರಾಡನ್ನು ಸರಿಯಾಗಿ ಮೇಲೆ ಕಟ್ಟಿರುತ್ತಾನೆ. ಮರುದಿನ ಇಪ್ಪತ್ತು ಜನ ಬುಟ್ಟಿ ಹೊತ್ತು ಅದರ ಮೇಲೇ ಓಡಾಡುತ್ತಾರೆ. ರಾಡನ್ನು ಎತ್ತಿ ಹಿಡಿಯುವ ಚೇರ್ ಇಟ್ಟಿಲ್ಲದಿದ್ದರೆ, ಅಥವಾ ಎರಡೇ ಇಟ್ಟಿದ್ದರೆ, ಅದು ತುಳಿತಕ್ಕೆ ಕುಸಿದು ತಳಕ್ಕೆ ಕೂರುತ್ತದೆ. ಮೇಲೆ ಕಾಂಕ್ರೀಟ್ ಮುಚ್ಚಿಕೊಳ್ಳುತ್ತದೆ. ಯಾರಿಗೂ ಕಾಣುವುದಿಲ್ಲ. 5 ಇಂಚಿನ ಸ್ಲ್ಯಾಬಿನಲ್ಲಿ ಮೇಲಿನ ರಾಡ್ ತಳದಿಂದ ಸುಮಾರು 4 ಇಂಚು ಎತ್ತರದಲ್ಲಿ ಇರಬೇಕು. ಅದು 2 ಇಂಚು ಕೆಳಗೆ ಕೂತರೆ ಪೋರ್ಚಿನ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಪೂರ್ತಿ ತಳಕ್ಕೆ ಹೋಗಿದ್ದರೆ ರಾಡ್ ಇದ್ದೂ ಇಲ್ಲದಂತೆ.

ನನ್ನ ಕೆಲಸದ ಮೂರನೇ ವರ್ಷ ಹುಬ್ಬಳ್ಳಿಯ ಒಂದು ಮನೆಯಲ್ಲಿ ಇದೇ ಆಯಿತು. ಬೆಳಗ್ಗೆ ಹೋಗಿ ರಾಡ್ ನೋಡಿದೆ, ಎಲ್ಲಾ ಸರಿ ಇತ್ತು, ಹಾಕಿ ಅಂತ ಹೇಳಿ ಬಂದುಬಿಟ್ಟೆ. ಕಾಂಕ್ರೀಟ್ ಹಾಕುವಾಗ ಅಲ್ಲಿ ನಿಲ್ಲಲಿಲ್ಲ. ಸೆಂಟ್ರಿಂಗ್ ಬಿಚ್ಚಿದ ಮರುದಿನ ಮಾಲೀಕರು ಫೋನ್ ಮಾಡಿದರು. ನಿಮ್ಮ ಹಾಗೇ ಗೋಡೆಯ ಗುಂಟ ಬಿರುಕು. ಕೆದರಿ ನೋಡಿದರೆ ರಾಡ್ ಮೂರು ಇಂಚು ಕೆಳಗೆ. ಆ ಬಾಲ್ಕನಿ ಕಡಿದು ಮತ್ತೆ ಹಾಕಬೇಕಾಯಿತು. ಖರ್ಚಿನಲ್ಲಿ ಒಂದು ಪಾಲು ನಾನೂ ಕೊಟ್ಟೆ, ಕೊಡಲೇಬೇಕಿತ್ತು. ಅಂದಿನಿಂದ ಪೋರ್ಚ್, ಬಾಲ್ಕನಿ ಹಾಕುವ ದಿನ ನಾನು ಕೊನೆಯ ಬುಟ್ಟಿ ಬೀಳುವ ತನಕ ಅಲ್ಲೇ ನಿಂತಿರುತ್ತೇನೆ.

ನಿಮ್ಮ ಪೋರ್ಚಿನಲ್ಲಿ ಹೀಗೇ ಆಗಿದೆ ಅಂತ ಇಲ್ಲಿ ಕೂತು ನಾನು ಹೇಳಲಾರೆ. ಆದರೆ ಬಿರುಕು ಇರುವ ಜಾಗ ಅದನ್ನೇ ತೋರಿಸುತ್ತಿದೆ. ಅದಕ್ಕೇ ಎರಿ ಮಣ್ಣಿನ ಮಾತನ್ನು ಸ್ವಲ್ಪ ನೋಡೋಣ. ನಮ್ಮ ಕಡೆ ಯಾವ ಬಿರುಕು ಬಂದರೂ ಅದರ ತಲೆಗೇ ಕಟ್ಟುತ್ತಾರೆ. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ನವಲಗುಂದ, ರೋಣದ ಹೊಲಗಳಲ್ಲಿ ಕೈ ಹೋಗುವಷ್ಟು ಬಾಯಿ ಬಿಟ್ಟಿರುತ್ತದೆ, ನೀವೇ ನೋಡಿದ್ದೀರಿ. ಪಾಯ ಆ ಉಬ್ಬಿ ಕುಗ್ಗುವ ಪದರದಲ್ಲೇ ಕೂತಿದ್ದರೆ ಗೋಡೆ ಬಿರುಕು ಬಿಡುವುದು ನಿಜ. ಆದರೆ ಆ ಬಿರುಕಿಗೆ ತನ್ನದೇ ಗುರುತು ಇದೆ. ಅದು ಗೋಡೆಯಲ್ಲಿ ಬರುತ್ತದೆ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಏರುತ್ತದೆ, ಇಟ್ಟಂಗಿಯ ಸಂದು ಹಿಡಿದು ಮೆಟ್ಟಿಲಿನ ಹಾಗೆ ಸಾಗುತ್ತದೆ. ಬೇಸಿಗೆಯಲ್ಲಿ ಒಂದು ಅಗಲ, ಮಳೆಗಾಲದಲ್ಲಿ ಇನ್ನೊಂದು ಅಗಲ. ಸಾಮಾನ್ಯವಾಗಿ ಒಂದು ಮಳೆ, ಒಂದು ಬೇಸಿಗೆ ಕಳೆದ ಮೇಲೆ ಎದ್ದು ಕಾಣುತ್ತದೆ. ಸೆಂಟ್ರಿಂಗ್ ತೆಗೆದ ಕೂಡಲೇ ಪೋರ್ಚಿನ ನೆತ್ತಿಯ ಮೇಲೆ, ಗೋಡೆಗೆ ಸರಿಸಮವಾಗಿ, ಒಂದೇ ಗೆರೆಯಲ್ಲಿ ಬಂದ ಬಿರುಕು ಮಣ್ಣಿನದಲ್ಲ. ಅದು ಭಾರ ಬಿದ್ದಾಗ ಬಂದದ್ದು.

ಇನ್ನೊಂದು ಬಗೆಯ ಬಿರುಕೂ ಇದೆ. ಅದಕ್ಕೆ ಹೆದರುವುದು ಬೇಡ. ಸ್ಲ್ಯಾಬಿನ ಮೇಲ್ಮೈಯಲ್ಲಿ ಕೂದಲೆಳೆಯಂತೆ ಅಡ್ಡಾದಿಡ್ಡಿಯಾಗಿ, ಒಣಗಿದ ಕೆರೆಯ ತಳದ ಹಾಗೆ ಕಾಣುತ್ತದೆ. ಅದು ಬಿಸಿಲಿಗೆ, ಗಾಳಿಗೆ ಕಾಂಕ್ರೀಟಿನ ಮೇಲಿನ ನೀರು ಬೇಗ ಆರಿದಾಗ ಆಗುವುದು. ಗದಗಿನ ಗಾಳಿ ಗೊತ್ತಲ್ಲ, ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಸ್ಲ್ಯಾಬ್ ಹಾಕಿದ ಸಂಜೆಯೇ ಒದ್ದೆ ಗೋಣಿಚೀಲ ಹೊದಿಸಿದರೆ ಇದು ತುಂಬಾ ಕಡಿಮೆಯಾಗುತ್ತದೆ. ಬಿರುಕಿನ ಅಗಲ ನೋಡಲು ಒಂದು ಸರಳ ದಾರಿ ಹೇಳುತ್ತೇನೆ. ಎಟಿಎಂ ಕಾರ್ಡಿನ ದಪ್ಪ ಸುಮಾರು ಮುಕ್ಕಾಲು ಮಿಲಿಮೀಟರ್. ಭಾರತೀಯ ಮಾನದಂಡ ಐಎಸ್ 456 ಸಾಮಾನ್ಯ ಮನೆಗಳಿಗೆ ಒಪ್ಪುವ ಬಿರುಕು 0.3 ಮಿಲಿಮೀಟರ್. ಕಾರ್ಡಿನ ಅಂಚು ಬಿರುಕಿನೊಳಗೆ ಹೋದರೆ ಮಿತಿ ಎರಡು ಪಟ್ಟಿಗಿಂತ ಜಾಸ್ತಿ ಮೀರಿದೆ ಅಂತ ತಿಳಿಯಿರಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆಯಿರಿ. ನಾಲ್ಕು ದಿನಕ್ಕೆ ಗುರುತು ದಾಟಿ ಬೆಳೆದರೆ ಅದೂ ಒಂದು ಸಾಕ್ಷಿ.

9ನೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚಿದ್ದು ತಪ್ಪೇ. ಅದರಲ್ಲಿ ಅನುಮಾನ ಇಲ್ಲ. ಅದೇ ಐಎಸ್ 456ರ ಪ್ರಕಾರ 4.5 ಮೀಟರ್ ಒಳಗಿನ ಸ್ಲ್ಯಾಬಿನ ಆಧಾರ 7 ದಿನಕ್ಕೆ ತೆಗೆಯಬಹುದು, ಅದಕ್ಕಿಂತ ದೊಡ್ಡದಕ್ಕೆ 14 ದಿನ. ಬೀಮಿನ ಆಧಾರ ಮಾತ್ರ 6 ಮೀಟರ್ ಒಳಗಿದ್ದರೂ 14 ದಿನ ಇರಬೇಕು, ಅದಕ್ಕಿಂತ ಉದ್ದವಾದರೆ 21 ದಿನ. ಇದು ಸಾದಾ ಸಿಮೆಂಟಿನ ಲೆಕ್ಕ. ಈಗ ನಮ್ಮ ಅಂಗಡಿಗಳಲ್ಲಿ ಜಾಸ್ತಿ ಸಿಗುವುದು ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್. ಅದು ಮೊದಲ ದಿನಗಳಲ್ಲಿ ನಿಧಾನವಾಗಿ ಬಲ ಹಿಡಿಯುತ್ತದೆ, ಇನ್ನೂ ಕೆಲವು ದಿನ ಕಾಯಬೇಕು. ಚಾಚಿದ ಪೋರ್ಚಿನ ಆಧಾರವನ್ನು ನಾನು 21 ದಿನಕ್ಕೆ ಮೊದಲು ಮುಟ್ಟಲು ಬಿಡುವುದೇ ಇಲ್ಲ. ತೆಗೆಯುವಾಗಲೂ ಹೊರ ತುದಿಯಿಂದ ಶುರು ಮಾಡಿ ಗೋಡೆಯ ಕಡೆಗೆ ಬರಬೇಕು. ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಬಂದಿರುತ್ತದೆ, ಮುಂದಿನ ಸೈಟಿಗೆ ಕಳಿಸುವ ಅವಸರ ಇರುತ್ತದೆ. ಅವಸರ ಎಲ್ಲಿಂದ ಬರುತ್ತದೆ ಅಂತ ನನಗೂ ಗೊತ್ತು. ಆದರೂ ತಪ್ಪು ತಪ್ಪೇ.

ಇನ್ನು ಬೀಮಿನ ವಿಷಯ. ಖಡಿ ಶೇಂಗಾ ಚಿಕ್ಕಿಯ ಹಾಗೆ ಎದ್ದು ಕಾಣುವುದಕ್ಕೆ ಇಂಜಿನಿಯರುಗಳು ಹನಿಕೋಂಬ್ ಅನ್ನುತ್ತಾರೆ. ಕಾಲಂ ಮತ್ತು ಬೀಮ್ ಸೇರುವ ಕಡೆ ರಾಡುಗಳು ದಟ್ಟವಾಗಿರುತ್ತವೆ. ವೈಬ್ರೇಟರ್ ಸರಿಯಾಗಿ ಇಳಿಸದಿದ್ದರೆ ಖಡಿ ರಾಡಿನ ಮೇಲೇ ಸಿಕ್ಕಿಕೊಂಡು, ತಳಕ್ಕೆ ಸಿಮೆಂಟ್ ಹಾಲು ಇಳಿಯುವುದಿಲ್ಲ. ಹಲಗೆಯ ಸಂದಿನಲ್ಲಿ ಹಾಲು ಸೋರಿ ಹೋದರೂ ಹೀಗಾಗುತ್ತದೆ. ಇದು ರಿಪೇರಿ ಆಗುವ ತಪ್ಪು. ಇದಕ್ಕಾಗಿ ಬೀಮ್ ಒಡೆಯಬೇಕಾಗಿ ಬರುವುದು ಅಪರೂಪ. ಆದರೆ ನಿಮ್ಮಲ್ಲಿ ಅದು ಕಾಲಂ ಹತ್ತಿರ ಇದೆ, ಬೀಮನ್ನು ಕತ್ತರಿಸುವಂತಹ ಒತ್ತಡ ಜಾಸ್ತಿ ಇರುವುದು ಅಲ್ಲೇ. ರಾಡೂ ಕಾಣುತ್ತಿದೆ. ಹಾಗಾಗಿ ಇದನ್ನು ಗೌಂಡಿಯ ಕರಣಿಗೆ ಬಿಡುವಂತಿಲ್ಲ.

ಸರಿಯಾದ ರಿಪೇರಿ ಹೀಗಿರುತ್ತದೆ. ಆಧಾರ ಕೊಟ್ಟ ಮೇಲೆ, ಸುತ್ತ ಸುತ್ತಿಗೆಯಿಂದ ಮೆಲ್ಲಗೆ ಬಡಿದು ನೋಡುತ್ತಾರೆ. ಗಟ್ಟಿ ಕಾಂಕ್ರೀಟ್ ಠಣ್ ಅನ್ನುತ್ತದೆ, ಟೊಳ್ಳು ಇದ್ದರೆ ಬೊದ್ ಅಂತ ಮಂದ ಸದ್ದು ಬರುತ್ತದೆ. ಸದ್ದು ಬದಲಾಗುವ ತನಕ, ಅಗತ್ಯವಿದ್ದರೆ ರಾಡಿನ ಹಿಂದಕ್ಕೂ, ಸಡಿಲ ಇದ್ದದ್ದನ್ನೆಲ್ಲ ಕೆದರಿ ತೆಗೆಯಬೇಕು. ತಂತಿ ಬ್ರಷ್‌ನಿಂದ ರಾಡ್ ಉಜ್ಜಿ, ನೀರಿನಿಂದ ತೊಳೆಯಬೇಕು. ತೂತು ಆಳವಿಲ್ಲದಿದ್ದರೆ ಪಾಲಿಮರ್ ಸೇರಿಸಿದ ರಿಪೇರಿ ಗಾರೆ ಸಾಕು. ರಾಡಿನ ಹಿಂದಕ್ಕೆ ಹೋಗಿದ್ದರೆ ಹಲಗೆ ಕಟ್ಟಿ, ತಾನೇ ಹರಿದು ತುಂಬಿಕೊಳ್ಳುವ ಮೈಕ್ರೋ ಕಾಂಕ್ರೀಟ್ ಹಾಕಬೇಕು. ಒಳಗೆ ಕಾಣದ ಟೊಳ್ಳು ಇದೆ ಅನ್ನಿಸಿದರೆ ಸಣ್ಣ ನಳಿಕೆ ಕೂರಿಸಿ ಒತ್ತಡದಲ್ಲಿ ತೆಳು ಸಿಮೆಂಟ್ ಪಾಕ (ಗ್ರೌಟ್) ತುಂಬುತ್ತಾರೆ. ಮೇಲಿಂದ ಸಿಮೆಂಟ್ ಬಳಿದರೆ ಏನಾಗುತ್ತದೆ? ಚೆನ್ನಾಗಿ ಕಾಣುತ್ತದೆ. ಒಳಗಿನ ತೂತಿನಲ್ಲಿ ಗಾಳಿ, ತೇವ ಓಡಾಡುತ್ತವೆ. ಕೆಲವು ವರ್ಷಕ್ಕೆ ರಾಡ್ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಾಂಕ್ರೀಟನ್ನು ಕೆಳಗೆ ಉದುರಿಸುತ್ತದೆ. ಹಳೇ ಮನೆಗಳ ಮಾಳಿಗೆಯ ತಳ ಉದುರಿ ಕೆಂಪು ರಾಡ್ ಕಾಣುವುದನ್ನು ನೀವು ನೋಡಿರಬೇಕು.

ಹಾಗಾದರೆ ಯಾರನ್ನು ಕರೆಸಬೇಕು? ನಿಮ್ಮ ಗುತ್ತಿಗೆದಾರರಿಗೂ ನಿಮಗೂ ಸಂಬಂಧ ಇಲ್ಲದ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರನ್ನು. ನಗರಸಭೆಯ ಪರವಾನಗಿಗೆ ನಕ್ಷೆ ಬರೆದುಕೊಟ್ಟವರು ಬೇರೆ, ಕಟ್ಟಡದ ಬಲ ಲೆಕ್ಕ ಹಾಕುವವರು ಬೇರೆ. ಪರೀಕ್ಷೆಗೆ ಬೇಕಾದ ಉಪಕರಣ ಎಲ್ಲರ ಹತ್ತಿರ ಇರುವುದಿಲ್ಲ. ಗದಗಿನ ತೋಂಟದಾರ್ಯ ಇಂಜಿನಿಯರಿಂಗ್ ಕಾಲೇಜು, ಹುಬ್ಬಳ್ಳಿಯಲ್ಲಿ ನಾವೆಲ್ಲ ಈಗಲೂ ಬಿವಿಬಿ ಅಂತಲೇ ಕರೆಯುವ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಧಾರವಾಡದ ಎಸ್‌ಡಿಎಂ ಇಂಥ ಕಡೆ ಸಿವಿಲ್ ವಿಭಾಗದಲ್ಲಿ ವಿಚಾರಿಸಿ. ಯಾವ ಪರೀಕ್ಷೆ ಮಾಡಿಕೊಡುತ್ತಾರೆ, ಎಷ್ಟು ಶುಲ್ಕ ಅಂತ ಮೊದಲೇ ಕೇಳಿಕೊಳ್ಳಿ.

ಪೋರ್ಚಿಗೆ ಬೇಕಾದ ಪರೀಕ್ಷೆ ಬಹಳ ಸುಲಭದ್ದು. ರಾಡ್ ಎಷ್ಟು ಆಳದಲ್ಲಿದೆ ಅಂತ ಹೇಳುವ ಕವರ್ ಮೀಟರ್ ಎಂಬ ಸಾಧನ ಇದೆ. ಅದು ಸಿಗದಿದ್ದರೆ, ಕೆಳಗೆ ಜಾಕ್ ಇರುವಾಗಲೇ ಬಿರುಕಿನ ಪಕ್ಕ ಮೇಲಿಂದ ಅರ್ಧ ಅಡಿ ಅಗಲ ಮೆಲ್ಲಗೆ ಕೆದರಿ ನೋಡಿದರಾಯಿತು. ಒಂದು ಇಂಚಿನೊಳಗೆ ರಾಡ್ ಸಿಕ್ಕರೆ ಒಳ್ಳೆಯ ಸುದ್ದಿ. ಅಳತೆ ಪಟ್ಟಿ ಇಟ್ಟು ಫೋಟೋ ತೆಗೆಯಿರಿ. ಕಾಂಕ್ರೀಟಿನ ಬಲ ನೋಡಲು ಮೊದಲು, ಬಡಿದಾಗ ಎಷ್ಟು ಪುಟಿಯುತ್ತದೆ ಅಂತ ಅಳೆಯುವ ರಿಬೌಂಡ್ ಹ್ಯಾಮರ್ ಹಿಡಿಯುತ್ತಾರೆ. ಅದೊಂದನ್ನೇ ನಂಬಬೇಡಿ, ಅದರ ಅಂದಾಜು 25 ಶೇಕಡಾ ಆಚೀಚೆ ಹೋಗಬಹುದು. ಜೊತೆಗೆ ಶಬ್ದದ ಅಲೆ ಕಳಿಸಿ ಒಳಗಿನ ಟೊಳ್ಳು ಹುಡುಕುವ ಪರೀಕ್ಷೆ ಮಾಡಿಸಿ. ಆಗಲೂ ಅನುಮಾನ ಉಳಿದರೆ ಮೂರು ಕಡೆ ಉರುಳೆಯಾಕಾರದ ಕಾಂಕ್ರೀಟ್ ತುಂಡು (ಕೋರ್) ಕೊರೆದು ತೆಗೆದು ಒತ್ತಿ ನೋಡುತ್ತಾರೆ. ಮೂರರ ಸರಾಸರಿ, ಬೇಕಾದ ಬಲದ 85 ಶೇಕಡಾ ಇರಬೇಕು, ಯಾವ ಒಂದೂ 75ಕ್ಕಿಂತ ಕಡಿಮೆ ಇರಬಾರದು. ಸ್ಲ್ಯಾಬ್ ಹಾಕಿದ ದಿನ ಅದೇ ಕಾಂಕ್ರೀಟನ್ನು ಕ್ಯೂಬ್ ಅಚ್ಚಿನಲ್ಲಿ ತುಂಬಿಟ್ಟು ಪರೀಕ್ಷೆಗೆ ಕೊಟ್ಟಿದ್ದರೆ ಬಲದ ಅಂದಾಜು ಸುಲಭವಾಗುತ್ತಿತ್ತು. ಇಂಜಿನಿಯರಿಗೆ ಮೇಲಿನ ಮಹಡಿಯ ಆಸೆಯನ್ನೂ ಮೊದಲೇ ಹೇಳಿ, ಲೆಕ್ಕ ಅದನ್ನೂ ಹಿಡಿದು ಹಾಕಬೇಕು.

ರಾಡ್ ಕೆಳಗೆ ಇದೆ ಅಂತ ಗೊತ್ತಾದರೆ ಮುಂದೆ ಎರಡು ದಾರಿ. ಒಂದು, ಪೋರ್ಚ್ ಕಡಿದು, ಒಳಗಿನ ಸ್ಲ್ಯಾಬಿನ ಮೇಲ್ಭಾಗದಲ್ಲಿ ಕಾಲುವೆ ಕೊರೆದು ಹೊಸ ರಾಡ್ ಹಿಡಿಸಿ ಮತ್ತೆ ಹಾಕುವುದು. ಖರ್ಚು, ಧೂಳು, ದಿನ ಎಲ್ಲವೂ ಜಾಸ್ತಿ. ಇನ್ನೊಂದು, ಹೊರ ಅಂಚಿನಲ್ಲಿ ಒಂದು ಬೀಮ್ ಮತ್ತು ಎರಡು ಕಂಬ ಕೊಡುವುದು. ಇಲ್ಲಿ ಒಂದು ಅನುಕೂಲ ಇದೆ. ಹೊರಗೆ ಕಂಬ ಬಂದ ಕೂಡಲೇ ಪೋರ್ಚ್ ಚಾಚಿದ ಕೈ ಆಗಿ ಉಳಿಯುವುದಿಲ್ಲ, ಎರಡೂ ಕಡೆ ಆಧಾರ ಇರುವ ಸಾದಾ ಸ್ಲ್ಯಾಬ್ ಆಗುತ್ತದೆ. ಆಗ ಎಳೆತ ನಡುವೆ ತಳಕ್ಕೆ ಹೋಗುತ್ತದೆ. ಅಂದರೆ ತಪ್ಪಿ ತಳಕ್ಕೆ ಕೂತ ರಾಡೇ ಕೆಲಸಕ್ಕೆ ಬರುತ್ತದೆ. 4 ಅಡಿಯ ಪೋರ್ಚಿಗೆ ನಾನು ಸಾಮಾನ್ಯವಾಗಿ ಇದನ್ನೇ ಹೇಳುತ್ತೇನೆ. ರಾಡ್ ನಡುಮಧ್ಯದಲ್ಲಿ ಸಿಕ್ಕಿಕೊಂಡಿದ್ದರೆ ಮಾತ್ರ ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. ಎರಡು ಎಚ್ಚರಿಕೆ ಇವೆ. ಈ ಕಂಬಗಳ ಪಾಯವೂ ಮನೆಯ ಪಾಯದಷ್ಟೇ ಆಳಕ್ಕೆ, ಗಟ್ಟಿ ಗರಸಿನ ಪದರಕ್ಕೆ ಇಳಿಯಬೇಕು. ಎರಡು ಅಡಿ ತೋಡಿ ಎರಿ ಮಣ್ಣಿನ ಮೇಲೆ ಕೂರಿಸಿದರೆ, ಮೊದಲ ಮಳೆಗಾಲದಲ್ಲೇ ಮಣ್ಣು ಉಬ್ಬಿ ಕಂಬವನ್ನು ಮೇಲಕ್ಕೆ ನೂಕುತ್ತದೆ, ಪೋರ್ಚ್ ಎರಡನೇ ಸಲ ಬಿರಿಯುತ್ತದೆ. ಎರಿ ಮಣ್ಣಿಗೆ ಹೆದರಬೇಕಾದ್ದು ನಿಜವಾಗಿ ಇಲ್ಲಿ. ಇನ್ನೊಂದು, ಸೈಟಿನ ಮುಂದೆ ಖಾಲಿ ಬಿಡಬೇಕಾದ ಜಾಗದಲ್ಲಿ ಕಂಬ ಬರುತ್ತದೋ ಅಂತ ಪರವಾನಗಿಯ ನಕ್ಷೆ ಹಿಡಿದು ನಗರಸಭೆಯಲ್ಲಿ ಕೇಳಿಕೊಳ್ಳಿ.

ಮನೆ ಪೂರ್ತಿ ಒಡೆಯುವ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ನೀವು ಬರೆದದ್ದರಲ್ಲಿ ಅದಕ್ಕೆ ಕಾರಣ ಏನೂ ಇಲ್ಲ.

ಈಗ ಅಣ್ಣನ ಜೊತೆ ಮಾತು. ಇದನ್ನು ನಿಮ್ಮ ಮನೆಯ ಪಡಸಾಲೆಯಲ್ಲಿ, ಬಂಧುಗಳ ನಡುವೆ ಮಾಡಬೇಡಿ. ಅಲ್ಲಿ ಕೂತರೆ ಮಾತು ಬೀಮಿನಿಂದ ಶುರುವಾಗಿ ಹತ್ತು ವರ್ಷದ ಹಿಂದಿನ ಮದುವೆಯ ತನಕ ಹೋಗುತ್ತದೆ. ಸೈಟಿನಲ್ಲಿ, ಇಂಜಿನಿಯರ್ ಎದುರಿಗೆ, ಬಿರುಕಿನ ಪಕ್ಕ ನಿಂತು ಮಾತಾಡಿ. ಕೆದರಿ ನೋಡುವಾಗ ಅಣ್ಣ ಅಲ್ಲೇ ಇರಲಿ. ರಾಡ್ ಎಲ್ಲಿದೆ ಅಂತ ಅವರೇ ಕಣ್ಣಾರೆ ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. "ಅಣ್ಣ, ನೀ ಮೋಸ ಮಾಡಿದಿ" ಅಂತ ಶುರು ಮಾಡಬೇಡಿ, ಅದು ನಿಮಗೆ ಗೊತ್ತೂ ಇಲ್ಲ. "ಅಣ್ಣ, ಇದನ್ನ ಹೆಂಗ ಸರಿ ಮಾಡೂಣು, ಯಾವಾಗ ಮಾಡೂಣು" ಅಂತ ಕೇಳಿ. ನನ್ನ ಅನುಭವದಲ್ಲಿ ಹೆಚ್ಚಿನ ಗುತ್ತಿಗೆದಾರರು ಬೇಕಂತ ತಪ್ಪು ಮಾಡುವವರಲ್ಲ. ಸ್ಲ್ಯಾಬ್ ದಿನ ಇನ್ನೊಂದು ಸೈಟಿಗೆ ಹೋಗಿರುತ್ತಾರೆ, ಕೆಲಸ ಗ್ಯಾಂಗಿನ ಕೈಯಲ್ಲಿ ಇರುತ್ತದೆ.

ನಿಮ್ಮ ಕಡೆಯದೂ ಒಂದು ಪ್ರಶ್ನೆ ಇದೆ, ಬೇಸರ ಮಾಡಿಕೊಳ್ಳಬೇಡಿ. ಯಾವ ರಾಡ್ ಎಲ್ಲಿ, ಎಷ್ಟು ಅಂತ ತೋರಿಸುವ ಸ್ಟ್ರಕ್ಚರಲ್ ಡ್ರಾಯಿಂಗ್ ಅಣ್ಣನಿಗೆ ಕೊಟ್ಟಿದ್ದಿರಾ? ಕೊಟ್ಟಿದ್ದರೆ ತಪ್ಪು ಯಾರದು ಅನ್ನುವುದು ಸ್ಪಷ್ಟ. ಕೊಟ್ಟಿಲ್ಲದಿದ್ದರೆ, ಅವರು ತಮಗೆ ತಿಳಿದಂತೆ ಹಾಕಿದ್ದಾರೆ. ಆಗಲೂ ಕೆಟ್ಟ ಕೆಲಸದ ಹೊಣೆ ಅವರದೇ, ಆದರೆ ಡ್ರಾಯಿಂಗ್ ಮಾಡಿಸುವ ಖರ್ಚು ನೀವೇ ಹೊರುವುದು ನ್ಯಾಯ. ರಿಪೇರಿಯ ಸಾಮಾನು, ಕೂಲಿ ಅವರದು. ಮೊದಲ ಪರೀಕ್ಷೆಯ ಖರ್ಚು ನೀವು ಕೊಡಿ, ತಪ್ಪು ಸಿಕ್ಕರೆ ಮುಂದಿನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತೇವೆ ಅಂತ ಮೊದಲೇ ಹೇಳಿಬಿಡಿ.

ಒಪ್ಪಿದ್ದನ್ನು ಅಲ್ಲೇ ಒಂದು ಹಾಳೆಯಲ್ಲಿ ಬರೆಯಿರಿ. ಇಂಥ ತಾರೀಖು ಇಂಥ ದೋಷ ಕಂಡಿತು, ಇಂಥ ರೀತಿಯಲ್ಲಿ, ಇಂಥ ಸಾಮಾನಿನಿಂದ, ಇಷ್ಟು ದಿನದಲ್ಲಿ ಸರಿ ಮಾಡುವುದು, ಖರ್ಚು ಇಂಥವರದು. ಇಬ್ಬರೂ ಸಹಿ ಮಾಡಿ, ಇಂಜಿನಿಯರೂ ಮಾಡಲಿ. ಸಂಬಂಧಿಕರ ನಡುವೆ ಸಹಿ ಯಾಕೆ ಅಂತ ನಿಮ್ಮ ಮನೆಯವರು ಕೇಳಬಹುದು. ಸಂಬಂಧ ಉಳಿಯಬೇಕು ಅಂತಲೇ ಬರೆಯುವುದು. ಬಾಯಿಮಾತು ಆರು ತಿಂಗಳಿಗೆ ಇಬ್ಬರ ನೆನಪಿನಲ್ಲೂ ಬೇರೆ ಬೇರೆ ಆಗಿರುತ್ತದೆ.

ದುಡ್ಡಿನ ಲೆಕ್ಕ ಮಾಡೋಣ. ಒಟ್ಟು ಗುತ್ತಿಗೆ 20 ಲಕ್ಷ 90 ಸಾವಿರ. ಕೊಟ್ಟದ್ದು 13 ಲಕ್ಷ, ಅಂದರೆ 62 ಶೇಕಡಾ. ಸ್ಲ್ಯಾಬ್ ಮುಗಿದು ಗಿಲಾವ್ ಶುರುವಾಗದ ಮನೆಯಲ್ಲಿ, ನನ್ನ ಅಂದಾಜಿಗೆ, ಅರ್ಧದಷ್ಟು ಕೆಲಸ ಆಗಿರುತ್ತದೆ. ಅಂದರೆ ನೀವು ಈಗಲೇ ಕೆಲಸಕ್ಕಿಂತ ಮುಂದೆ ಹೋಗಿ ಕೊಟ್ಟಿದ್ದೀರಿ. ಇನ್ನೂ 3 ಲಕ್ಷ ಕೊಟ್ಟರೆ ಉಳಿಯುವುದು 4 ಲಕ್ಷ 90 ಸಾವಿರ. ಅದರಲ್ಲಿ ಗಿಲಾವ್, ಫರಸಿ, ಬಾಗಿಲು, ಕರೆಂಟು, ನಳ, ಬಣ್ಣ ಎಲ್ಲಾ ಆಗಬೇಕು. ಆಗುವುದಿಲ್ಲ. ಹಾಗಾಗಿ ಆ 3 ಲಕ್ಷವನ್ನು ರಿಪೇರಿ ಮುಗಿದು ಇಂಜಿನಿಯರ್ ಸಹಿ ಬೀಳುವ ತನಕ ಕೊಡಬೇಡಿ. ಗೌಂಡಿಗಳ, ಕೂಲಿಯವರ ವಾರದ ಪಗಾರ ನಿಲ್ಲುತ್ತದೆ ಅಂತ ಅಣ್ಣ ಹೇಳಿದರೆ, ಅಷ್ಟನ್ನು ಮಾತ್ರ ಲೆಕ್ಕ ತೆಗೆದುಕೊಂಡು ಕೊಡಿ. ದುಡಿದವರ ಹೊಟ್ಟೆ ಮೇಲೆ ಈ ಜಗಳ ಬೀಳಬಾರದು. ಇನ್ನು ಮುಂದಿನ ಪ್ರತಿ ಕಂತೂ ಒಂದೊಂದು ಕೆಲಸ ಮುಗಿದ ಮೇಲೆ. ಕೊನೆಗೆ 5 ಶೇಕಡಾ, ಅಂದರೆ 1 ಲಕ್ಷ 4 ಸಾವಿರದ 500 ರೂಪಾಯಿ, ಒಂದು ಮಳೆಗಾಲ ಕಳೆಯುವ ತನಕ ನಿಮ್ಮಲ್ಲೇ ಇರಲಿ. ಕೊಡುವುದನ್ನೆಲ್ಲ ಬ್ಯಾಂಕಿನ ಮೂಲಕವೇ ಕೊಡಿ.

ಅಣ್ಣ ಏನೂ ಒಪ್ಪದಿದ್ದರೆ? ಇಂಜಿನಿಯರ್ ವರದಿ ಜೊತೆಗಿಟ್ಟು, 15 ದಿನದ ಗಡುವು ಕೊಟ್ಟು, ಸ್ಪೀಡ್ ಪೋಸ್ಟಿನಲ್ಲಿ ಪತ್ರ ಕಳಿಸಿ. ಗಡುವು ದಾಟಿದರೆ ಬೇರೆಯವರಿಂದ ಅಂದಾಜು ಪಟ್ಟಿ ತೆಗೆದುಕೊಂಡು ರಿಪೇರಿ ಮಾಡಿಸಿ, ಬಿಲ್ ಇಟ್ಟುಕೊಳ್ಳಿ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಮನೆ ಕಟ್ಟಿಕೊಡುವುದು ಸೇವೆ, ಅದು ಗ್ರಾಹಕ ಕಾನೂನಿನ ಒಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಈಗಿರುವುದು 2019ರ ಕಾಯ್ದೆ. ನೀವು ಕೊಟ್ಟ ಹಣ 50 ಲಕ್ಷದ ಒಳಗಿದ್ದರೆ ಜಿಲ್ಲೆಯಲ್ಲೇ ದೂರು. ನೀವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು. 10ರಿಂದ 20 ಲಕ್ಷದ ನಡುವಿನ ಹಣಕ್ಕೆ ಶುಲ್ಕ 400 ರೂಪಾಯಿ ಅಷ್ಟೇ. ವಕೀಲರೇ ಬೇಕು ಅಂತ ಇಲ್ಲ, ನೀವೇ ವಾದಿಸಬಹುದು. ದೋಷ ಎದುರಾದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ದಾರಿ ಕೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಕ್ಕಪಕ್ಕದವರು ರೇರಾಗೆ ಬರೆಯಿರಿ ಅನ್ನಬಹುದು. ರೇರಾ ಇರುವುದು ಫ್ಲ್ಯಾಟು, ಲೇಔಟು ಮಾರುವ ಯೋಜನೆಗಳಿಗೆ. ಸ್ವಂತ ಸೈಟಿನಲ್ಲಿ ಸ್ವಂತ ಮನೆ ಕಟ್ಟಿಸುವವರಿಗೆ ಅದು ಅನ್ವಯಿಸುವುದಿಲ್ಲ, ಅಲ್ಲಿ ಸುಮ್ನೆ ತಿರುಗಬೇಡಿ.

ಆದರೆ ಆಯೋಗದ ತೀರ್ಪು ಬರುವ ತನಕ ಪೋರ್ಚ್ ಕಾಯುವುದಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದಾಗ ಹತ್ತಕ್ಕೂ ಹೆಚ್ಚು ಜನ ಹೋದರು. ಆ ಕಟ್ಟಡಕ್ಕೂ ನಿಮ್ಮ ಪೋರ್ಚಿಗೂ ಹೋಲಿಕೆ ಇಲ್ಲ, ಹೆದರಿಸಲು ಹೇಳುತ್ತಿಲ್ಲ. ಈ ಕೆಲಸದಲ್ಲಿರುವ ನಮಗೆ ಆ ದಿನ ಮರೆಯಲು ಆಗುವುದಿಲ್ಲ. ಅದಕ್ಕೇ "ನೋಡೋಣ ಬಿಡ್ರಿ" ಅನ್ನುವ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಒಂದು ಸಣ್ಣ ಮಾತು ಉಳಿದಿದೆ, ನೀರು. ಸ್ಲ್ಯಾಬಿಗೆ ಎಷ್ಟು ದಿನ ನೀರು ನಿಲ್ಲಿಸಿದ್ದರು ಅಂತ ಕೇಳಿ. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಗೆ 10 ದಿನ. ನಮ್ಮ ಬಿಸಿಲಿಗೆ 14 ದಿನ ಆದರೆ ಒಳ್ಳೆಯದು. ರಿಪೇರಿ ಮಾಡಿದ ಜಾಗಕ್ಕೂ ಗೋಣಿಚೀಲ ಸುತ್ತಿ ತೇವ ಇಡಬೇಕು. ನಲ್ಲಿ ನೀರು ಬರದ ದಿನ ಟ್ಯಾಂಕರ್ ತರಿಸಬೇಕಾಗುತ್ತದೆ, ಅದರ ಖರ್ಚು ಯಾರದು ಅನ್ನುವುದನ್ನೂ ಆ ಹಾಳೆಯಲ್ಲಿ ಸೇರಿಸಿ.

ವಾಸ್ತುಶಾಂತಿ ಮುಂದೂಡಬೇಕಾಗುತ್ತದೆ. ಇಂಜಿನಿಯರ್ ಬಂದು, ಪರೀಕ್ಷೆ ಮುಗಿಯಲು ಒಂದೆರಡು ವಾರ. ಕಂಬ ಮತ್ತು ಹೊರ ಬೀಮ್ ಹಾಕಲು ಎರಡು ವಾರ. ಅದು ಬಲ ಹಿಡಿದು ಜಾಕ್ ತೆಗೆಯಲು 28 ದಿನ. ಆ ಹೊತ್ತಿಗೆ ಒಳಗಿನ ರೂಮುಗಳಲ್ಲಿ ಗಿಲಾವ್, ಕರೆಂಟಿನ ಪೈಪ್ ಕೆಲಸ ನಡೆಸಬಹುದು, ಹಾಲ್ ಬೀಮಿನ ಸುತ್ತ ಮತ್ತು ಪೋರ್ಚ್ ಮಾತ್ರ ತೆರೆದಿರಲಿ. ಲೆಕ್ಕ ಹಾಕಿದರೆ ಈ ರಿಪೇರಿಗೇ ಸುಮಾರು ಎರಡು ತಿಂಗಳು ಹೋಗುತ್ತದೆ, ಉಳಿದ ಕೆಲಸ ಅಷ್ಟು ಹಿಂದೆ ಬೀಳುತ್ತದೆ. ಅದಕ್ಕೇ ಈಗಿನ ಮುಹೂರ್ತಕ್ಕೆ ಇನ್ನೂ ಎರಡು ತಿಂಗಳು ಸೇರಿಸಿ ಇನ್ನೊಂದು ದಿನ ಕೇಳಿಸಿಕೊಳ್ಳಿ. ಮಂಟಪವನ್ನು ಪೋರ್ಚ್ ಕೆಳಗೆ ಹಾಕುವ ಯೋಚನೆ ಇದ್ದರೆ, ಕಂಬಗಳು ಎಲ್ಲಿ ಬರುತ್ತವೆ ಅಂತ ನೋಡಿಕೊಂಡು ಅಳತೆ ಕೊಡಿ.